ಆವೇರೋನಿನ ಬಾಲಕನೂ ಅವನ ಗುರುವೂ

ಕ್ರಿ. ಶ. 1800ನೆಯ ಜನವರಿಯ ಚಳಿಯಲ್ಲಿ, ದಕ್ಷಿಣ ಫ್ರಾನ್ಸಿನ ಆವೇರೋನ್ ಪ್ರಾಂತದ ಕಾಡಿನಿಂದ ಒಬ್ಬ ಬಾಲಕನು ಹೊರಬಂದನು. ಪ್ರಾಯ ಸುಮಾರು 12, ಮೈಮೇಲೆ ಗಾಯದ ಕಲೆಗಳು, ಬಾಯಲ್ಲಿ ಮಾತಿಲ್ಲ. ಅದೇ ವರ್ಷ ಅವನನ್ನು ಪ್ಯಾರಿಸಿನ ಕಿವುಡಮೂಗರ ವಿದ್ಯಾಶಾಲೆಗೆ ತಂದರು. ಚಿತ್ತರೋಗ ವೈದ್ಯರಲ್ಲಿ ಅಗ್ರಗಣ್ಯನಾದ ಪಿನೆಲನು ಅವನನ್ನು ಪರೀಕ್ಷಿಸಿ, ಇವನು ಬುದ್ಧಿಹೀನನು, ಕಲಿಸಿ ಫಲವಿಲ್ಲವೆಂದು ತೀರ್ಪಿತ್ತನು. ಆ ಶಾಲೆಯ ತರುಣವೈದ್ಯನಾದ ಇಟಾರನು ಈ ತೀರ್ಪನ್ನು ಒಪ್ಪಲಿಲ್ಲ. ಬಾಲಕನಿಗೆ ವಿಕ್ಟರ್ ಎಂದು ಹೆಸರಿಟ್ಟು, ತಾನೇ ಪಾಠಕ್ಕೆ ತೊಡಗಿದನು.

ಮಾತಿನಿಂದ ಕಲಿಸುವಂತಿರಲಿಲ್ಲ; ಆದಕಾರಣ ಇಟಾರನು ಕಣ್ಣು ಕೈಗಳನ್ನೇ ಆಶ್ರಯಿಸಿದನು. ಕರಿಹಲಗೆಯ ಮೇಲೆ ಬೀಗದಕೈ, ಕತ್ತರಿ, ಸುತ್ತಿಗೆಗಳ ಚಿತ್ರ ಬರೆದು, ಆಯಾ ಚಿತ್ರದ ಮೇಲೆ ಆಯಾ ವಸ್ತುವನ್ನು ತೂಗುಹಾಕಿಸುವುದು ಮೊದಲ ಪಾಠ. ಬಣ್ಣದ ಆಕೃತಿಗಳನ್ನು ಹೊಂದಿಸುವುದು ತರುವಾಯದ್ದು. ಅಕ್ಷರಗಳ ಸರದಿ ಕೊನೆಯದು. ಹಾಲಿಗೆ ಫ್ರೆಂಚಿನಲ್ಲಿರುವ ಪದದ ನಾಲ್ಕು ಅಕ್ಷರಗಳನ್ನು ಜೋಡಿಸಲು ಕಲಿತ ಬಾಲಕನು, ಒಮ್ಮೆ ಪರರ ಮನೆಗೆ ಹೋಗುವಾಗ ಅವನ್ನು ತಾನಾಗಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿ ಮೇಜಿನ ಮೇಲೆ ಸಾಲಾಗಿ ಇರಿಸಿದನು.

ಪಾಠವು ಕಠಿನವಾದಾಗ ವಿಕ್ಟರನು ರೊಚ್ಚಿಗೆದ್ದು ಎಲ್ಲವನ್ನೂ ಚೆಲ್ಲುತ್ತಿದ್ದನು. ಅವನಿಗೆ ಎತ್ತರದ ಭಯವುಂಟೆಂದು ಅರಿತ ಇಟಾರನು, ಒಂದು ದಿನ ಅವನನ್ನು ಮೇಲಂತಸ್ತಿನ ಕಿಟಕಿಯಿಂದ ಹೊರಗೆ ಹಿಡಿದನು. ಬಾಲಕನು ನಡುಗುತ್ತ ಚೆಲ್ಲಿದ್ದನ್ನೆಲ್ಲ ಆಯ್ದಿಟ್ಟು, ಹಾಸಿಗೆಯ ಮೇಲೆ ಬಿದ್ದು ಅತ್ತನು. ರೊಚ್ಚೇನೋ ತಗ್ಗಿತು, ಆದರೆ ಅದು ಭಯದ ಫಲವೇ ಹೊರತು ವಿದ್ಯೆಯ ಫಲವಲ್ಲ. ಮತ್ತೊಮ್ಮೆ, ಪಾಠವನ್ನು ಸರಿಯಾಗಿ ಒಪ್ಪಿಸಿದವನನ್ನೇ ಇಟಾರನು ಪರೀಕ್ಷಾರ್ಥವಾಗಿ ದಂಡಿಸಹೋದನು. ವಿಕ್ಟರನು ಗುರುವಿನ ಕೈಯನ್ನು ಕಚ್ಚಿದನು. ನೋಯುತ್ತಿದ್ದರೂ ಇಟಾರನು ಹರ್ಷಿಸಿದನು. ಅನ್ಯಾಯವನ್ನು ಅನ್ಯಾಯವೆಂದು ತಿಳಿಯುವವನು ಬುದ್ಧಿಹೀನನಾಗಲಾರನಷ್ಟೆ! ಈ ಎರಡು ಸಂಗತಿಗಳನ್ನೂ ಮರೆಮಾಚದೆ ತನ್ನ ವರದಿಗಳಲ್ಲಿ ಬರೆದಿಟ್ಟುದು ಅವನ ದೊಡ್ಡತನ.

ವಿಕ್ಟರನಿಗೆ ಮಾತು ಬರಲೇ ಇಲ್ಲ. 1806ರ ವರದಿಯೊಡನೆ ಪಾಠವು ಮುಗಿಯಿತು. 1828ರಲ್ಲಿ ಅವನು ತೀರಿಕೊಂಡನು. ಆದರೆ ಆ ಶ್ರಮವು ವ್ಯರ್ಥವಾಗಲಿಲ್ಲ. ಇಟಾರನ ಶಿಷ್ಯನಾದ ಸೆಗ್ವಿನನು ಅದೇ ಕ್ರಮವನ್ನು ಬೆಳೆಸಿ 1846ರಲ್ಲಿ ಗ್ರಂಥವಾಗಿಸಿದನು. ರೋಮಿನ ಮಾರಿಯಾ ಮಾಂಟೆಸೊರಿಯವರು ಇಬ್ಬರ ಬರಹಗಳನ್ನೂ ಅಭ್ಯಸಿಸಿ, ಮೊದಲು ಬುದ್ಧಿಮಾಂದ್ಯವುಳ್ಳ ಮಕ್ಕಳಿಗೂ, 1907ರಿಂದ ಬಡವರ ಕೇರಿಯ ಇತರ ಮಕ್ಕಳಿಗೂ ಅದನ್ನು ಅನ್ವಯಿಸಿದರು. 1939ರಲ್ಲಿ ಅವರೇ ಮದರಾಸಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣವಿತ್ತರು.

ಇಂದು ಶಿಶುವಿಹಾರದಲ್ಲಿ ಮರದ ಅಕ್ಷರವನ್ನು ಬೆರಳಿನಿಂದ ತಡವಿ ಕಲಿಯುವ ಮಗುವು, ಮೂಕನಾಗಿಯೇ ಉಳಿದ ಆ ಕಾಡಿನ ಹುಡುಗನಿಗೆ ಋಣಿ. ಕಲಿಯದ ಶಿಷ್ಯನನ್ನು ದೂರುವ ಮುನ್ನ ಕಲಿಸುವ ಬಗೆಯನ್ನು ಶೋಧಿಸಬೇಕೆಂಬ ಪಾಠವನ್ನು ಗುರುವಿಗೆ ಕಲಿಸಿದವನು ಅವನೇ.