ಸೀಸಕದ ಆಯ್ಕೆ

ಹಳೆಯ ಕಾವ್ಯಗಳ ಯೋಧರು ತಲೆಗೆ ಸೀಸಕವನ್ನೂ ಮೈಗೆ ಜೋಡನ್ನೂ ತೊಟ್ಟು ರಣಕ್ಕಿಳಿಯುತ್ತಾರೆ. ಬಂದೂಕು ಬಲಿತಂತೆಲ್ಲ ಯುರೋಪಿನಲ್ಲಿ ಇಂಥ ಉಡುಗೆ ಬಹುಮಟ್ಟಿಗೆ ವಸ್ತುಸಂಗ್ರಹಾಲಯ ಸೇರಿತ್ತು. ಮೊದಲ ಮಹಾಯುದ್ಧ ಅದನ್ನು ಮತ್ತೆ ಹೊರಕ್ಕೆ ತಂದಿತು. ಕಂದಕದಲ್ಲಿ ಬಟ್ಟೆಯ ಟೊಪ್ಪಿಗೆ ಧರಿಸಿ ನಿಂತವರ ಮೇಲೆ ಫಿರಂಗಿ ಗುಂಡುಗಳು ಸಿಡಿದು ಚೂರುಗಳು ಸುರಿಯುತ್ತಿದ್ದವು. 1915ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ತಮ್ಮ ಸೈನಿಕರಿಗೆ ಉಕ್ಕಿನ ಶಿರಸ್ತ್ರಾಣ ನೀಡತೊಡಗಿದವು.

1917ರಲ್ಲಿ ಯುದ್ಧಕ್ಕಿಳಿದ ಅಮೆರಿಕವು ಬ್ಯಾಷ್‌ಫರ್ಡ್ ಡೀನ್ ಅವರ ನೆರವು ಪಡೆಯಿತು. ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಪ್ರಾಚೀನ ಆಯುಧ-ಕವಚಗಳ ಮೇಲ್ವಿಚಾರಕರು. ಮಧ್ಯಯುಗದ ಕಮ್ಮಾರರ ಅನುಭವವನ್ನು ಆಧರಿಸಿ, ಕಿವಿ ಮತ್ತು ಕತ್ತಿನ ಹಿಂಭಾಗವನ್ನೂ ಕಾಯುವ ಮಾದರಿಗಳನ್ನು ಅವರು ರೂಪಿಸಿದರು. ಅವುಗಳಲ್ಲೊಂದು ಶತ್ರುವಾದ ಜರ್ಮನಿಯ ಶಿರಸ್ತ್ರಾಣವನ್ನು ಹೋಲುತ್ತದೆಂಬ ಆಕ್ಷೇಪ ಬಂದಿತು. ಕಡೆಗೆ ಸೇನೆಯು ತಟ್ಟೆಯಂತಹ ಬ್ರಿಟಿಷ್ ಮಾದರಿಯನ್ನೇ ಉಳಿಸಿಕೊಂಡಿತು. ಒಂದೇ ಹಾಳೆಯಿಂದ ಒತ್ತಿ ತೆಗೆಯಬಹುದಾದ ಅದನ್ನು ಲಕ್ಷಾಂತರ ಸಂಖ್ಯೆಯಲ್ಲಿ ಬೇಗನೆ ತಯಾರಿಸಬಹುದಾಗಿತ್ತು.

ಹಡಗೇರಲು ಕಾದಿದ್ದ ಸೈನ್ಯಕ್ಕೆ ಆ ವೇಗ ಅನಿವಾರ್ಯವಾಗಿತ್ತೆಂಬುದು ನಿಜ. ಆದರೆ ಅದರ ಬೆಲೆಯಾಗಿ ಸೈನಿಕನ ಕಿವಿ, ಕತ್ತುಗಳು ತೆರೆದೇ ಉಳಿದವು. ಅವುಗಳತ್ತ ಇನ್ನಷ್ಟು ಇಳಿದು ಬರುವ ಎಂ-1 ಶಿರಸ್ತ್ರಾಣವನ್ನು ಅಮೆರಿಕ ಒಪ್ಪಿಕೊಂಡದ್ದು 1941ರಲ್ಲಿ, ಮತ್ತೊಂದು ಮಹಾಯುದ್ಧ ನಡೆಯುತ್ತಿದ್ದಾಗ.