ಕಾಫಿಗೊಂದು ಹೆಸರು, ಹೆಸರಿಗೊಂದು ಬಳಗ

ಅಂಗಡಿಯಲ್ಲಿ ಒಂದು ಕಿಲೋಗ್ರಾಂ ಸಕ್ಕರೆ ಕೊಳ್ಳುವಾಗ ‘ಕಿಲೋಗ್ರಾಂ ಎಂದರೆ ಎಷ್ಟು?’ ಎಂದು ನಾವು ಕೇಳುವುದಿಲ್ಲ. ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಆ ಮಾನಕವನ್ನು ಕಾಯುತ್ತಿವೆ ಎಂಬ ನಂಬಿಕೆ ಅದರ ಹಿಂದಿದೆ. ‘ಚಿಕ್ಕಮಗಳೂರು ಕಾಫಿ’ ಎಂಬ ಹೆಸರನ್ನೂ ಇಂಥದೇ ಒಂದು ಮಾನಕವೆಂದು ತಿಳಿಯಬಹುದು. ಮೂಡಿಗೆರೆಯ ತೋಟವನ್ನು ಒಮ್ಮೆಯೂ ನೋಡದವರು ಆ ಹೆಸರನ್ನು ನಂಬಿ ಹಣ ಕೊಡುತ್ತಾರೆ. ಈ ನಂಬಿಕೆಯನ್ನು ಕಟ್ಟಿದವರು ಯಾರು? ಅದು ಉಳಿದದ್ದು ಹೇಗೆ? ಪ್ರಶ್ನೆ ವ್ಯಾಪಾರಕ್ಕೆ ಸೇರಿದ್ದೆಂದು ತೋರಿದರೂ ಉತ್ತರದಲ್ಲಿ ವಿಜ್ಞಾನದ ಪಾಲು ದೊಡ್ಡದು. ಆದ್ದರಿಂದ ಕಾಫಿ ಬೆಳೆಯುವವರು, ಅದನ್ನು ಕುರಿತು ಸಂಶೋಧನೆ ಮಾಡುವವರು ಮತ್ತು ಅದನ್ನು ಕುಡಿಯುವವರು ಸೇರಿ ಒಂದು ಬಳಗವಾದ ಕಥೆಯನ್ನು ಇಲ್ಲಿ ನೋಡೋಣ.

ಹೆಸರು ಬಂದ ಬಗೆ

17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಅರೇಬಿಯಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ವ್ಯಾಪಾರಕ್ಕಾಗಿ ದೊಡ್ಡ ತೋಟಗಳು ಎದ್ದದ್ದು ಬಹಳ ತಡವಾಗಿ, 19ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ. ಆಗ ಬೆಳೆಯುತ್ತಿದ್ದ ಹಳೆಯ ತಳಿಯನ್ನು ಯುರೋಪಿಯನ್ ತೋಟಗಾರರು ಚಿಕ್ಕಮಗಳೂರಿನ ಹೆಸರನ್ನೇ ಮೊಟಕುಗೊಳಿಸಿ ‘ಚಿಕ್’ ಎಂದು ಕರೆದರು. ಲಂಡನ್ ಮಾರುಕಟ್ಟೆಯಲ್ಲಿ ಈ ಕಾಫಿ ‘ಮೈಸೂರು’ ಎಂಬ ಹೆಸರಿನಲ್ಲಿ ಒಳ್ಳೆಯ ಬೆಲೆ ಪಡೆಯಿತು.

ಹೆಸರು ಬಂದ ಸ್ವಲ್ಪ ಕಾಲಕ್ಕೇ ಪರೀಕ್ಷೆಯೂ ಬಂತು. 1860ರ ದಶಕದಲ್ಲಿ ಬಿಳಿ ಕಾಂಡಕೊರಕದ ಹಾವಳಿ ತೋಟಗಳನ್ನು ನಾಶಮಾಡತೊಡಗಿತು. ಇದರ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಬಿಸಿಲು ಬೀಳುವ, ಬೆಚ್ಚಗಿನ ಕಾಂಡವೆಂದರೆ ಅದಕ್ಕೆ ಇಷ್ಟ. ಮದರಾಸು ಸರ್ಕಾರದ ಪರವಾಗಿ ಜಾರ್ಜ್ ಬಿಡಿ ಈ ಪೀಡೆಯನ್ನು ಅಧ್ಯಯನ ಮಾಡಿದರು. ಅವರ ವರದಿ 1869ರಲ್ಲಿ ಪ್ರಕಟವಾಯಿತು. ಮರಗಳನ್ನೆಲ್ಲ ಕಡಿದು ಬಯಲಾಗಿಸಿದ ತೋಟಗಳಲ್ಲಿ ಹಾನಿ ಹೆಚ್ಚು, ನೆರಳಿದ್ದಲ್ಲಿ ಕಡಿಮೆ ಎಂಬ ಅನುಭವ ತೋಟದಿಂದ ತೋಟಕ್ಕೆ ಹಬ್ಬಿತು. ಇಂದು ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವಾಗ ರಸ್ತೆಯ ಇಕ್ಕೆಲಗಳಲ್ಲಿ ಕಾಣುವ ಹಸಿರು ಚಾವಣಿಯ ಹಿಂದೆ ಈ ಪಾಠವೂ ಇದೆ.

‘ಚಿಕ್’ ತಳಿ ಸೊರಗಿದಾಗ 1870ರ ಸುಮಾರಿಗೆ ಕೊಡಗಿನ ಬೀಜ ತಂದು ನೆಡುವ ಪ್ರಯತ್ನ ಶುರುವಾಯಿತು. ಮೂಡಿಗೆರೆಗೆ ಅಂಟಿಕೊಂಡಿರುವ ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಈ ಕಾಲವನ್ನು ಕುರಿತು 1894ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಹೊಸ ಗಿಡ ಬದುಕುತ್ತದೆಯೇ ಎಂಬ ಚಿಂತೆಯ ಜೊತೆಗೆ ತೋಟಗಾರರಿಗೆ ಇನ್ನೊಂದು ಅಳುಕೂ ಇತ್ತು: ಬೀಜ ಬದಲಾದರೆ ‘ಮೈಸೂರು’ ಎಂಬ ಹೆಸರು ಉಳಿದೀತೇ? ಗಿಡಗಳು ಬಲಿತಂತೆ ಕಾಫಿಯ ಗುಣ ಹಳೆಯದಕ್ಕೆ ಹತ್ತಿರವಾದುದರಿಂದ ಆ ಅಳುಕು ತಗ್ಗಿತು. ಆ ಹೆಸರು ಯಾವುದೇ ಒಂದು ತೋಟದ ಸೊತ್ತಾಗಿರಲಿಲ್ಲ ಎಂಬುದನ್ನು ಗಮನಿಸಿ. ಒಬ್ಬರ ತೋಟದ ಕಳಪೆ ಮಾಲು ಎಲ್ಲರ ಬೆಲೆಯನ್ನೂ ಇಳಿಸಬಹುದಿತ್ತು.

ಗಾಳಿಗೆ ಬೇಲಿಯಿಲ್ಲ

1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಸ್ವಲ್ಪ ಕಾಲದಲ್ಲೇ ದಕ್ಷಿಣ ಭಾರತಕ್ಕೂ ಬಂತು. ಇದು ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದಿಂದ ಬರುವ ರೋಗ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಕಾಣುವುದು ಅದರ ಬೀಜಾಣುಗಳು. ಅವು ಗಾಳಿಯಲ್ಲಿ ತೇಲುತ್ತವೆ, ಮಳೆಹನಿಯೊಡನೆ ಸಿಡಿಯುತ್ತವೆ. ಸಿಂಹಳ ಕಡೆಗೆ ಕಾಫಿಯನ್ನೇ ಕೈಬಿಟ್ಟು ಚಹಾಕ್ಕೆ ತಿರುಗಿತು.

ಇಂಥ ರೋಗದ ಮುಂದೆ ಒಬ್ಬ ಬೆಳೆಗಾರ ಒಂಟಿಯಾಗಿ ಗೆಲ್ಲಲಾರ. ತನ್ನ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದರೂ ಪಕ್ಕದ ತೋಟದಿಂದ ಬೀಜಾಣು ಹಾರಿ ಬರುತ್ತದೆ. ಹಾಗಾಗಿ ಒಬ್ಬರು ಕಲಿತದ್ದನ್ನು ಎಲ್ಲರಿಗೂ ತಿಳಿಸಲೇಬೇಕಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಇದೇ.

ಇದಕ್ಕೂ ಮೊದಲು, 20ನೆಯ ಶತಮಾನದ ಆರಂಭದಲ್ಲಿ, ಕೆಂಟ್ ಎಂಬ ತೋಟಗಾರರು ಮೈಸೂರು ಸೀಮೆಯ ತೋಟವೊಂದರಲ್ಲಿ ತುಕ್ಕು ತಗಲದೆ ನಿಂತ ಗಿಡವನ್ನು ಗುರುತಿಸಿ ಅದರ ಬೀಜ ಬೆಳೆಸಿದ್ದರು. ‘ಕೆಂಟ್ಸ್’ ತಳಿ ಬೇಗ ಹರಡಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ತಗಲಿತು. ಏಕೆ? ಬಾಳೆಹೊನ್ನೂರಿನಲ್ಲಿದ್ದ ಡಬ್ಲ್ಯೂ. ವಿಲ್ಸನ್ ಮೇನ್ ಇದಕ್ಕೆ ಉತ್ತರ ಕಂಡುಕೊಂಡರು. ತುಕ್ಕಿನ ಶಿಲೀಂಧ್ರದಲ್ಲಿ ಒಂದಕ್ಕಿಂತ ಹೆಚ್ಚು ಪಂಗಡಗಳಿವೆ, ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲಬಹುದು ಎಂದು ಅವರು 1932ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮಲೆನಾಡಿನ ಒಂದು ಮೂಲೆಯಿಂದ ಹೊರಟ ಈ ತಿಳಿವಳಿಕೆ ಜಗತ್ತಿನ ಕಾಫಿ ತಳಿಶಾಸ್ತ್ರಕ್ಕೇ ತಳಹದಿಯಾಯಿತು. ಅದೇ ಕೇಂದ್ರದಲ್ಲಿ ಕೆಂಟ್ಸ್ ಮತ್ತು ಎಸ್.288 ತಳಿಗಳ ಸಂಕರದಿಂದ ರೂಪುಗೊಂಡ ಎಸ್.795, 1940ರ ದಶಕದಲ್ಲಿ ಬೆಳೆಗಾರರ ಕೈ ಸೇರಿತು. ಅದನ್ನು ಇಂಡೋನೇಷ್ಯಾದಲ್ಲೂ ಬೆಳೆಯುತ್ತಾರೆ. 2007ರಲ್ಲಿ ಬಿಡುಗಡೆಯಾದ ‘ಚಂದ್ರಗಿರಿ’ಯೂ ಈ ಸಂಸ್ಥೆಯ ತಳಿಯೇ.

ಕುಡಿಯುವವರ ಬಳಗ

ಬೆಳೆದರಷ್ಟೇ ಸಾಲದು, ಕುಡಿಯುವವರೂ ಬೇಕು. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ಬಿದ್ದಾಗ 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂತು. ಬೆಳೆಗಾರರಿಂದ ಸಂಗ್ರಹಿಸಿದ ಸಣ್ಣ ತೆರಿಗೆಯಿಂದ ದೇಶದೊಳಗೇ ಕಾಫಿಯ ಪ್ರಚಾರ ನಡೆಯಿತು. 1936ರಲ್ಲಿ ಮುಂಬಯಿಯಲ್ಲಿ ‘ಇಂಡಿಯಾ ಕಾಫಿ ಹೌಸ್’ ತೆರೆಯಿತು. ಮುಂದೆ ದೇಶದ ಹಲವು ನಗರಗಳಲ್ಲಿ ಇಂಥ ಮನೆಗಳು ಎದ್ದವು. ಅಲ್ಲಿ ಮಾರಿದ್ದು ಯಾವುದೇ ಒಂದು ತೋಟದ ಕಾಫಿಯಲ್ಲ, ‘ಭಾರತದ ಕಾಫಿ’. ವಿದ್ಯಾರ್ಥಿಗಳು, ಪತ್ರಕರ್ತರು, ಲೇಖಕರು ಕಡಿಮೆ ಖರ್ಚಿನಲ್ಲಿ ಗಂಟೆಗಟ್ಟಲೆ ಕೂತು ಮಾತಾಡಬಹುದಾದ ಜಾಗಗಳು ಅವಾದವು.

1950ರ ದಶಕದಲ್ಲಿ ಕಾಫಿ ಮಂಡಳಿ ಈ ಮನೆಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬೀಳುವ ಸ್ಥಿತಿ ಬಂತು. ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯದು ಬೆಂಗಳೂರಿನಲ್ಲಿ, 1957ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ಜಾಗ ಬಿಡಬೇಕಾದಾಗ ಗಿರಾಕಿಗಳು ಮನೆಯವರನ್ನು ಬೀಳ್ಕೊಡುವಂತೆ ಬಂದು ಕೂತಿದ್ದರು. ಬಳಿಕ ಅದು ಚರ್ಚ್ ಸ್ಟ್ರೀಟ್‌ನಲ್ಲಿ ಮತ್ತೆ ತೆರೆಯಿತು. ಇಂಥ ಪ್ರೀತಿಯನ್ನು ಜಾಹೀರಾತಿನಿಂದ ಕೊಳ್ಳಲಾಗುವುದಿಲ್ಲ.

ಕೂಡಿದ್ದು, ಬಿಡಿಯಾದದ್ದು

ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. 1942ರ ಕಾಫಿ ಕಾಯಿದೆಯಡಿ ಬೆಳೆಗಾರರು ಮನೆಬಳಕೆಗೆ ಮತ್ತು ಬೀಜಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಸಣ್ಣ ಬೆಳೆಗಾರರಿಗೆ ಇದು ಆಸರೆಯಾಯಿತು. ಆದರೆ ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರಿದಾಗ ಯಾರ ತೋಟದ್ದು ಯಾವುದೆಂಬ ಗುರುತು ಅಳಿಯಿತು. ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ದು, ಕಣದಲ್ಲಿ ಜೋಪಾನವಾಗಿ ಒಣಗಿಸಿದವರ ಶ್ರಮಕ್ಕೆ ತಕ್ಕ ಪ್ರತಿಫಲ ಕಾಣದಾಯಿತು. ಹಣವೂ ಕಂತುಕಂತಾಗಿ, ತಡವಾಗಿ ಬರುತ್ತಿತ್ತು.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿದು ಬೆಲೆ ಇಳಿದಾಗ ಪೂಲ್ ಬೇಡವೆಂಬ ಕೂಗು ಬಲವಾಯಿತು. 1992ರಿಂದ ಹಂತಹಂತವಾಗಿ ಬಂಧನ ಸಡಿಲವಾಯಿತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಸ್ವಾತಂತ್ರ್ಯ ಸಿಕ್ಕಿತು. ಅದೇ ವರ್ಷ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಕುಟುಂಬದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ‘ಕೆಫೆ ಕಾಫಿ ಡೇ’ ತೆರೆದರು.

ಸ್ವಾತಂತ್ರ್ಯದ ಜೊತೆಗೆ ಅಪಾಯವೂ ಬಂತು. 2001ರ ಸುಮಾರಿಗೆ ಜಾಗತಿಕ ಬೆಲೆ ಪಾತಾಳಕ್ಕಿಳಿದಾಗ ಬಿಡಿ ಬೆಳೆಗಾರರು ತತ್ತರಿಸಿದರು. ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು ಎಂಬುದನ್ನು ನೆನಪಿಡಿ. ಇಲ್ಲಿ ಕೊಲಂಬಿಯಾದೊಂದಿಗೆ ಹೋಲಿಸಿ ನೋಡುವುದು ಉಪಯುಕ್ತ. ಅಲ್ಲಿನ ಬೆಳೆಗಾರರು 1927ರಲ್ಲೇ ತಮ್ಮದೇ ಒಕ್ಕೂಟ ಕಟ್ಟಿದರು. 1938ರಲ್ಲಿ ಅದರದೇ ಸಂಶೋಧನಾ ಕೇಂದ್ರ ಬಂತು. ಹುವಾನ್ ವಾಲ್ಡೆಜ್ ಎಂಬ ಕಾಲ್ಪನಿಕ ರೈತನ ಚಿತ್ರದೊಡನೆ ಜಗತ್ತಿಗೆ ಪ್ರಚಾರ ಆರಂಭವಾದದ್ದು 1959ರಲ್ಲಿ. ಕ್ರಮವನ್ನು ಗಮನಿಸಿ: ಮೊದಲು ಸಂಘಟನೆ, ನಂತರ ವಿಜ್ಞಾನ, ಕೊನೆಗೆ ಪ್ರಚಾರ.

ಹೆಸರಿಗೆ ಕಾನೂನಿನ ಕಾವಲು

ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. 2019ರಲ್ಲಿ ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’, ‘ಕೊಡಗು ಅರೇಬಿಕಾ’ ಸೇರಿದಂತೆ ಐದು ಕಾಫಿಗಳಿಗೆ ಈ ಮನ್ನಣೆ ದೊರೆಯಿತು. ಸಾಮಾನ್ಯ ಟ್ರೇಡ್‌ಮಾರ್ಕ್ ಒಂದು ಕಂಪನಿಯ ಸೊತ್ತು. ಭೌಗೋಳಿಕ ಸೂಚಕ ಒಂದು ಪ್ರದೇಶದ ಬೆಳೆಗಾರರೆಲ್ಲರಿಗೂ ಸೇರಿದ ಹೆಸರು. ನೋಂದಾಯಿಸಿಕೊಂಡ ಬೆಳೆಗಾರ ಅದನ್ನು ಬಳಸಬಹುದು.

ಕಾನೂನು ಹೆಸರನ್ನು ಕಾಯುತ್ತದೆ. ಗುಣವನ್ನು ಕಾಯಬೇಕಾದದ್ದು ಕಣದಲ್ಲಿ. ಪಾರ್ಚ್‌ಮೆಂಟ್ ಕಾಫಿಯಲ್ಲಿ ತೇವಾಂಶ ಶೇಕಡಾ 10ರ ಆಸುಪಾಸಿಗೆ ಇಳಿಯಬೇಕು. ತೇವ ಹೆಚ್ಚಿದ್ದರೆ ಬೂಷ್ಟು ಹಿಡಿಯುತ್ತದೆ, ರುಚಿ ಕೆಡುತ್ತದೆ. ಇದನ್ನು ತಿಳಿಯಲು ಬೆಳೆಗಾರರು ಬಳಸುವ ಉಪಾಯ ಸರಳ ಭೌತಶಾಸ್ತ್ರ. ಗೊತ್ತಾದ ಗಾತ್ರದ ಅಳತೆ ಪಾತ್ರೆಯಲ್ಲಿ ಕಾಫಿ ತುಂಬಿ ತೂಗುತ್ತಾರೆ. ನೀರು ಆವಿಯಾದಂತೆ ತೂಕ ಇಳಿಯುತ್ತದೆ. ಸತತ ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ಗಾತ್ರ ಬದಲಾಗದೆ ತೂಕ ಮಾತ್ರ ಇಳಿಯುವುದರಿಂದ ಅವರು ಅಳೆಯುತ್ತಿರುವುದು ಸಾಂದ್ರತೆಯನ್ನು.

ಇಂದು ಈ ಶಿಸ್ತಿಗೆ ಒತ್ತಡ ಹೆಚ್ಚಿದೆ. ಕೊಯ್ಲಿಗೆ ಆಳು ಸಿಗುವುದು ಕಷ್ಟ. ಒಣಗಿಸುವ ದಿನಗಳಲ್ಲೂ ಅಕಾಲಿಕ ಮಳೆ ಬೀಳುತ್ತದೆ. 2025ರ ಆರಂಭದಲ್ಲಿ ಆದಂತೆ ಅರೇಬಿಕಾ ಬೆಲೆ ದಾಖಲೆ ಮಟ್ಟಕ್ಕೇರಿದಾಗ ಹಣ್ಣು, ಕಾಯಿ ಎನ್ನದೆ ಒಟ್ಟಿಗೇ ಕಿತ್ತು ಬೇಗ ಮಾರುವ ಆಸೆ ಯಾರಿಗೂ ಹುಟ್ಟಬಹುದು. ಹಾಗೆ ಮಾಡಿದವನಿಗೆ ಆ ವರ್ಷ ಲಾಭ. ಆದರೆ ಹೆಸರಿಗೆ ತಗಲುವ ಕಳಂಕವನ್ನು ಹೊರಬೇಕಾದವರು ಮೂಡಿಗೆರೆ, ಕೊಪ್ಪ, ಕಳಸದ ಎಲ್ಲ ಬೆಳೆಗಾರರು. ತುಕ್ಕಿನ ಬೀಜಾಣುವಿನಂತೆ ಅಪನಂಬಿಕೆಗೂ ಬೇಲಿಯಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಕುಡಿಯುವವರಿಗೂ ಈ ಬಳಗದಲ್ಲಿ ಕೆಲಸವಿದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇಕಡಾ 51 ಕಾಫಿ ಇರಬೇಕು, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬ ನಿಯಮವಿದೆ. ಶಿಕ್ಷಕರು ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಅದರ ಮೇಲೆ ಚಿಟಿಕೆ ಫಿಲ್ಟರ್ ಕಾಫಿಪುಡಿ ಉದುರಿಸಿ. ಕಾಫಿಯ ಕಣಗಳಲ್ಲಿ ಎಣ್ಣೆಯ ಅಂಶವೂ ಗಾಳಿ ತುಂಬಿದ ರಂಧ್ರಗಳೂ ಇರುವುದರಿಂದ ಅವು ಸ್ವಲ್ಪ ಹೊತ್ತು ತೇಲುತ್ತವೆ. ಚಿಕೋರಿ ಬೇಗ ನೀರು ಹೀರಿ, ಕಂದು ಗೆರೆ ಎಳೆಯುತ್ತಾ ಮುಳುಗುತ್ತದೆ. ನೀರಿನಲ್ಲಿ ಪೂರ್ತಿ ಕರಗುವ ದಿಢೀರ್ ಕಾಫಿಗೆ ಈ ಪರೀಕ್ಷೆ ಒಪ್ಪುವುದಿಲ್ಲ.

ಪ್ರಯೋಗ ಮುಗಿದ ಮೇಲೆ ಮಕ್ಕಳಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿಸಿ, ಲೋಟದಲ್ಲಿ ಕಂಡದ್ದರೊಂದಿಗೆ ಅದು ತಾಳೆಯಾಗುತ್ತದೆಯೇ ಎಂದು ಕೇಳಿ. ಮಲೆನಾಡಿನ ಶಾಲೆಯಾದರೆ ಹತ್ತಿರದ ಕಣಕ್ಕೆ ಕರೆದೊಯ್ದು ಒಣಗುತ್ತಿರುವ ಕಾಫಿಯ ತೂಕವನ್ನು ದಿನವೂ ಬರೆದಿಡಲು ಹೇಳಿ. ಒಂದೂವರೆ ಶತಮಾನದಿಂದ ಈ ಹೆಸರನ್ನು ಉಳಿಸಿಕೊಂಡು ಬಂದಿರುವುದು ಇಂಥ ಅಳತೆಗಳೇ ಎಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ.