ಅರ್ಧಕ್ಕುಳಿದ ಕೌದಿ

ಹಿರಿಯರು ಮಾಡಿ ಮುಗಿಸಿದುದನ್ನು ಅನುಭವಿಸುವುದು ಸುಲಭ. ಅವರು ಮಾಡುತ್ತಿದ್ದು ನಡುವೆ ಬಿಟ್ಟುಹೋದುದನ್ನು ಕೈಗೆತ್ತಿಕೊಳ್ಳುವುದು ಕಷ್ಟ. ಹೊಲ, ಮನೆ, ಒಡವೆ, ಋಣ ಇವುಗಳ ವಿಷಯದಲ್ಲಿ ನಮ್ಮ ನಿಬಂಧಕಾರರು ದಾಯಭಾಗವೆಂಬ ಪ್ರಕರಣವನ್ನೇ ವಿಸ್ತರಿಸಿದ್ದಾರೆ. ಅರ್ಧಕ್ಕೆ ನಿಂತ ಕೆಲಸವನ್ನು ಮಕ್ಕಳು ಪೂರೈಸತಕ್ಕದ್ದೆ, ಪೂರೈಸುವುದಾದರೆ ಯಾವ ಕ್ರಮದಿಂದ, ಎಂಬ ಪ್ರಶ್ನೆಯನ್ನಾದರೋ ನಾವು ಸಾಹಿತ್ಯಚರಿತ್ರೆಯಲ್ಲಿಯೂ ಮನೆಯ ಹಳೆಯ ಪೆಟ್ಟಿಗೆಯಲ್ಲಿಯೂ ವಿಚಾರಿಸಬೇಕಾಗುತ್ತದೆ. ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೆ ತೆರೆದು ನೋಡುವ ಪ್ರಯತ್ನವಿದೆ.

ಕೌದಿಯನ್ನು ಅರಿಯದ ಕನ್ನಡಿಗರಿಲ್ಲ. ಉಟ್ಟು ಸವೆದ ಸೀರೆ, ಪಂಚೆ, ಕುಪ್ಪಸಗಳ ಗಟ್ಟಿ ಭಾಗಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಒಳಗೆ ಹಳೆಯ ಅರಿವೆಯ ಪದರಗಳನ್ನಿಟ್ಟು, ಅಡಿಗೆ ಒಂದು ಸೀರೆಯನ್ನು ಹಾಸಿ, ಎಲ್ಲವನ್ನೂ ಸಾಲುಹೊಲಿಗೆಯಿಂದ ಬಂಧಿಸಿದರೆ ಕೌದಿ. ಸಂಸ್ಕೃತದಲ್ಲಿ ಇದಕ್ಕೆ ಹತ್ತಿರವಾದ ಮಾತು ಕಂಥಾ. ಭರ್ತೃಹರಿಯು ವೈರಾಗ್ಯಶತಕದಲ್ಲಿ ವಿರಕ್ತನ ಸಂಪತ್ತನ್ನು ಎಣಿಸುವಾಗ ನೂರು ಚೂರಿನ ಕೌಪೀನದೊಡನೆ ಕಂಥೆಯನ್ನೂ ಸೇರಿಸಿದ್ದಾನೆ. ಬೌದ್ಧರ ವಿನಯಪಿಟಕದಲ್ಲಿ ಇನ್ನೊಂದು ಸ್ವಾರಸ್ಯವಾದ ವೃತ್ತಾಂತವುಂಟು: ಬುದ್ಧನು ಮಗಧದ ಗದ್ದೆಗಳು ಬದುಗಳಿಂದ ಚೌಕಚೌಕವಾಗಿ ವಿಭಾಗವಾಗಿರುವುದನ್ನು ಆನಂದನಿಗೆ ತೋರಿಸಿ, ಭಿಕ್ಷುಗಳ ಚೀವರವನ್ನು ಆ ರೀತಿ ಹೊಲಿಯಬಹುದೇ ಎಂದು ಕೇಳಿದನಂತೆ; ಆನಂದನು ಹಾಗೆಯೇ ಮಾಡಿಸಿದನು. ತುಂಡುಗಳನ್ನು ಜೋಡಿಸುವ ಕೆಲಸವು ಬಡತನದ ಫಲ ಮಾತ್ರವಲ್ಲ, ಒಂದು ವಿನ್ಯಾಸಬುದ್ಧಿಯ ಫಲವೆಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ರಾಜ್ಯದಲ್ಲಿಯೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಡೆಯ ಸಿದ್ದಿ ಜನರಲ್ಲಿ ಈ ಕಲೆ ಹೆಚ್ಚಾಗಿ ಬೆಳೆದಿದೆ. ಆಫ್ರಿಕ ಖಂಡದಿಂದ ಬಂದ ಪೂರ್ವಿಕರ ಸಂತತಿಯಾದ ಇವರ ಹೆಂಗಸರು ಹೊಲಿಯುವ ಕವಂದಿಯಲ್ಲಿ ಕೆಲಸವು ಅಂಚಿನಿಂದ ಪ್ರಾರಂಭವಾಗಿ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತದೆ. ಮೂಲೆಗಳಲ್ಲಿ ಮಡಿಸಿದ ಅರಿವೆಯ ಚಿಕ್ಕ ತ್ರಿಕೋಣಗಳನ್ನು ಇಡುವರು. ಇದಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಹೂವಿಲ್ಲದಿದ್ದರೆ ಕವಂದಿಯು ಬೆತ್ತಲೆಯೆಂದೇ ಅವರ ಭಾವನೆ. 2011ರಲ್ಲಿ ಇವರ ಕವಂದಿಗಳು ನ್ಯೂಯಾರ್ಕ್ ನಗರದ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಇಂತಹ ಕವಂದಿಯನ್ನು ಒಬ್ಬಳು ನಡುವೆ ಬಿಟ್ಟುಹೋದರೆ ಅಂಚು ಪೂರ್ಣವಾಗಿದ್ದು ಹೃದಯಭಾಗವು ಬರಿದಾಗಿರುತ್ತದೆ. ಮೊದಲೇ ಚೌಕಗಳನ್ನು ಹೊಲಿದಿಟ್ಟು ಕೊನೆಗೆ ಕೂಡಿಸುವ ಪದ್ಧತಿಯಲ್ಲಿಯಾದರೋ, ಚೌಕಗಳು ಪೂರ್ಣವಾಗಿದ್ದರೂ ಅವುಗಳ ಸಂಬಂಧವೇ ತಿಳಿಯದು.

ಚನ್ನಗಿರಿ ಸೀಮೆಗೆ ಸೇರಿದ ನಮ್ಮ ನಲ್ಲೂರಿನ ಮನೆಯಲ್ಲಿ ಒದಗಿದ ಸಮಸ್ಯೆ ಈ ಎರಡನೆಯ ಬಗೆಯದು. ನಮ್ಮ ತಾಯಿಯವರು ಕಾಲವಾದ ಮೇಲೆ ಅವರ ಪೆಟ್ಟಿಗೆಯಲ್ಲಿ ಹೊಲಿದಿಟ್ಟ ಚೌಕಗಳು ದೊರೆತುವು. ಒಂದರಲ್ಲಿ ತಂದೆಯವರ ಪಂಚೆಯ ಅಂಚು, ಇನ್ನೊಂದರಲ್ಲಿ ತಂಗಿಯ ತೊಟ್ಟಿಲಿಗೆ ಹಾಸಿದ್ದ ಬಟ್ಟೆ, ಮತ್ತೊಂದರಲ್ಲಿ ದಾವಣಗೆರೆಯು ಹತ್ತಿಗಿರಣಿಗಳಿಗೆ ಹೆಸರಾಗಿದ್ದ ದಿನಗಳಲ್ಲಿ ಕೊಂಡ ಗಿರಣಿಬಟ್ಟೆ. ಮನೆಯಲ್ಲಿ ಮೂರು ಅಭಿಪ್ರಾಯಗಳಾದುವು. ಹಳೆಯ ಬಟ್ಟೆಯನ್ನು ಪಾತ್ರೆಯವನಿಗೆ ಹಾಕುವುದೆಂದು ಕಿರಿಯರು. ಕೈ ಸೋಂಕಿಸದೆ ಹಾಗೆಯೇ ಇಟ್ಟುಕೊಳ್ಳುವುದೆಂದು ಕೆಲವರು. ಹೊಲಿದು ಮುಗಿಸುವುದೆಂದು ತಂಗಿ. ನಿರ್ಣಯಕ್ಕಾಗಿ ನನ್ನನ್ನು ಕೇಳಿದರು. ಸೂಜಿ ಹಿಡಿದು ಅರಿಯದ ನಾನು ಓದಿದ ಗ್ರಂಥಗಳನ್ನೇ ಆಶ್ರಯಿಸಬೇಕಾಯಿತು.

ಮೊದಲನೆಯ ದೃಷ್ಟಾಂತವು ಪ್ರಸಿದ್ಧವಾದದ್ದು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟನು ಕಾದಂಬರಿಯನ್ನು ಬರೆಯುತ್ತ, ಪತ್ರಲೇಖೆಯು ಕಾದಂಬರಿಯ ವಿರಹಾವಸ್ಥೆಯನ್ನು ಚಂದ್ರಾಪೀಡನಿಗೆ ಬಣ್ಣಿಸುತ್ತಿರುವ ಸಂದರ್ಭದಲ್ಲಿಯೇ ತೀರಿಕೊಂಡನು. ಭೂಷಣಭಟ್ಟನೆಂದೂ ಪುಲಿಂದನೆಂದೂ ಕರೆಯಲ್ಪಡುವ ಅವನ ಮಗನು ಉತ್ತರಭಾಗವನ್ನು ರಚಿಸಿದನು. ಕಥೆಯು ನಿಂತುಹೋಯಿತೆಂದು ಸಜ್ಜನರಿಗಾದ ದುಃಖವನ್ನು ನೋಡಿ ಪ್ರಾರಂಭಿಸಿದೆನೇ ಹೊರತು ಕವಿತ್ವದ ಗರ್ವದಿಂದಲ್ಲವೆಂಬುದು ಅವನ ಅರಿಕೆ. ತಂದೆಯ ಶೈಲಿಯನ್ನು ಅವನು ಮುಟ್ಟಲಿಲ್ಲವೆಂದು ವಿಮರ್ಶಕರು ಹೇಳುವುದುಂಟು. ಆದರೂ ಅವನಿಲ್ಲದಿದ್ದರೆ ಚಂದ್ರಾಪೀಡನಿಗೆ ಕಾದಂಬರಿ ದೊರೆಯುತ್ತಿರಲಿಲ್ಲ. ನಮ್ಮ ನಾಗವರ್ಮನು ಕರ್ಣಾಟಕ ಕಾದಂಬರಿಯಲ್ಲಿ ತಂದೆ ಮಕ್ಕಳಿಬ್ಬರ ಭಾಗಗಳನ್ನೂ ಕನ್ನಡಕ್ಕೆ ತಂದನು.

ಎರಡನೆಯ ದೃಷ್ಟಾಂತವು ನಮ್ಮ ನಾಡಿಗೆ ಇನ್ನೂ ಹತ್ತಿರವಾದುದು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಜಯಧವಳಾ ಟೀಕೆಯನ್ನು ಇಪ್ಪತ್ತು ಸಾವಿರ ಗ್ರಂಥಪ್ರಮಾಣದವರೆಗೆ ಬರೆದು ದಿವಂಗತರಾದರು. ಶಿಷ್ಯರಾದ ಜಿನಸೇನರು ನಲವತ್ತು ಸಾವಿರವನ್ನು ಸೇರಿಸಿ ಶಕ 759ರಲ್ಲಿ, ಎಂದರೆ ಕ್ರಿ. ಶ. 837ರಲ್ಲಿ, ಪೂರೈಸಿದರು. ಇಷ್ಟು ಮಾಡಿಯೂ, ಹೇಳತಕ್ಕ ಬಹುಭಾಗವನ್ನು ಗುರುಗಳೇ ಹೇಳಿದ್ದರು, ಉಳಿದ ಅಲ್ಪವನ್ನು ಅದನ್ನು ನೋಡಿಕೊಂಡು ತುಂಬಲಾಯಿತು ಎಂಬ ಅಭಿಪ್ರಾಯವನ್ನು ಪ್ರಶಸ್ತಿಯಲ್ಲಿ ಸೂಚಿಸಿದರು. ಮುಂದೆ ಇದೇ ಜಿನಸೇನರು ಆದಿಪುರಾಣವನ್ನು ಪ್ರಾರಂಭಿಸಿ, ನಲವತ್ತೆರಡು ಪರ್ವಗಳನ್ನೂ ನಲವತ್ತಮೂರನೆಯದರಲ್ಲಿ ಮೂರು ಶ್ಲೋಕಗಳನ್ನೂ ಬರೆದು ಪರಲೋಕವನ್ನೈದಿದರು. ಅವರ ಶಿಷ್ಯರಾದ ಗುಣಭದ್ರರು ಅದನ್ನು ಮುಗಿಸಿ ಉತ್ತರಪುರಾಣವನ್ನೂ ರಚಿಸಿದರು. ಕ್ರಿ. ಶ. 941ರಲ್ಲಿ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ಬರೆದಾಗ ಅವನಿಗೆ ಆಧಾರವಾದುದು ಈ ಗುರುಶಿಷ್ಯರ ಕೃತಿ. ಒಬ್ಬರದನ್ನು ಪೂರೈಸಿದವರೇ ತಮ್ಮದನ್ನು ಅಪೂರ್ಣವಾಗಿ ಬಿಟ್ಟರು. ಬಿಟ್ಟುದನ್ನು ಮತ್ತೊಬ್ಬರು ಹಿಡಿದರು. ನಾಡಿಗೆ ಒಬ್ಬ ಆದಿಕವಿ ದೊರೆತನು.

ಈ ಚರಿತ್ರೆಯಿಂದ ಮೂರು ನಿಯಮಗಳು ಸಿದ್ಧಿಸುತ್ತವೆ. ಹಿಂದಿನವರ ಭಾಗವನ್ನು ಬಿಚ್ಚಿ ತಿದ್ದಬಾರದು. ಮುಂದಿನ ಭಾಗವು ತನ್ನದೆಂಬುದನ್ನು ಮರೆಮಾಚಬಾರದು. ಸರಿಸಮಾನವಾಗಲಾರೆನೆಂಬ ಅಂಜಿಕೆಯಿಂದ ಕೆಲಸವನ್ನು ಬಿಡಲೂಬಾರದು. ಇವನ್ನು ತಂಗಿಗೆ ಹೇಳಿದೆನು. ಅವಳು ಒಪ್ಪಿಕೊಂಡು, ನನ್ನ ಗ್ರಂಥಗಳಲ್ಲಿಲ್ಲದ ನಾಲ್ಕನೆಯ ನಿಯಮವೊಂದನ್ನು ತಿಳಿಸಿದಳು: ಹಳೆಯ ಅರಿವೆಯ ಪಕ್ಕಕ್ಕೆ ಹೊಸ ಗಟ್ಟಿ ಬಟ್ಟೆಯನ್ನು ಹೊಲಿದರೆ, ಒಗೆದಾಗ ಹೊಸದು ಎಳೆದು ಹಳೆಯದನ್ನು ಹರಿಯುತ್ತದೆ, ಆದುದರಿಂದ ಸೇರಿಸುವುದೂ ಉಟ್ಟು ಮೆದುವಾದ ಬಟ್ಟೆಯೇ ಆಗಿರಬೇಕು. ಹಾಗೆಂದು ಅವಳು ತನ್ನ ಹಳೆಯ ಸೀರೆಯಿಂದಲೇ ನಡುಪಟ್ಟಿಗಳನ್ನು ಕತ್ತರಿಸಿ, ತಾಯಿಯವರ ಒಂದು ಹೊಲಿಗೆಯನ್ನೂ ಬಿಚ್ಚದೆ ಚೌಕಗಳನ್ನು ಕೂಡಿಸಿದಳು. ತಾಯಿಯವರ ಹೊಲಿಗೆ ಸಣ್ಣದು, ತಂಗಿಯದು ದಪ್ಪ. ನೋಡಿದವರಿಗೆ ಎರಡು ಕೈಗಳೂ ಗೊತ್ತಾಗುತ್ತವೆ. ಚಳಿಗಾಲದಲ್ಲಿ ಮನೆಯ ಮಕ್ಕಳು ಅದನ್ನು ಹೊದೆಯುತ್ತಾರೆ.

ಶಾಸನ, ತಾಳೆಗರಿ ಇವುಗಳನ್ನು ಚರಿತ್ರೆಯ ಸಾಧನಗಳೆಂದು ಎಲ್ಲರೂ ಆದರಿಸುತ್ತಾರೆ. ಅಕ್ಷರವನ್ನು ಕಲಿಯದಿದ್ದ ಎಷ್ಟೋ ತಾಯಂದಿರ ಕೈಬರಹವು ಕೌದಿಯಲ್ಲಲ್ಲದೆ ಬೇರೆಲ್ಲಿ ಉಳಿದಿದೆ? ಜಯಧವಳದ ಓಲೆಗಳನ್ನು ಮೂಡಬಿದಿರೆಯ ಬಸದಿಯವರು ಶತಮಾನಗಳ ಕಾಲ ಕಾಪಾಡದಿದ್ದರೆ ಜಿನಸೇನರ ಗುರುಭಕ್ತಿಯು ನಮಗೆ ತಿಳಿಯುತ್ತಿರಲಿಲ್ಲ. ವಾಚಕರು ತಂತಮ್ಮ ಮನೆಯ ಪೆಟ್ಟಿಗೆಗಳನ್ನು ಒಮ್ಮೆ ತೆರೆದು ನೋಡಬೇಕೆಂದೂ, ಯಾವ ತುಂಡು ಯಾರು ಉಟ್ಟದ್ದೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕೆಂದೂ, ಸಾಧ್ಯವಾದರೆ ಸೂಜಿಯನ್ನು ಕೈಗೆ ತೆಗೆದುಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ.